ಕಡಲಸೊಪ್ಪಿನ ಹೂವು ಮತ್ತು ಕಲ್ಲಾಗುತ್ತಿದ್ದ ರಾಜಕುಮಾರಿ

ಬಹುಕಾಲದ ಹಿಂದೆ, ಮೂರು ದಿಕ್ಕಿನಲ್ಲೂ ಕಡಲಿದ್ದ ಅಲೆವಾಡವೆಂಬ ರಾಜ್ಯದಲ್ಲಿ ಸೋಮಿ ಎಂಬ ಹೆಂಗಸಿದ್ದಳು. ಮೀನಿಗೆ ಹೋದ ಗಂಡ ದೋಣಿಯೊಂದಿಗೇ ಕಾಣೆಯಾಗಿದ್ದ. ಮಕ್ಕಳಿರಲಿಲ್ಲ. ಮರಳಿನಲ್ಲಿ ಹಬ್ಬುವ ಕಡಲಸೊಪ್ಪನ್ನು ಕೊಯ್ದು ಮಾರಿ ಅವಳು ಬದುಕುತ್ತಿದ್ದಳು. ಅದರ ಎಲೆ ದಪ್ಪ, ಹೂವು ಗುಲಾಬಿ ಬಣ್ಣದ ಪುಟ್ಟ ನಕ್ಷತ್ರ. ಸಾರಿಗೆ ಹಾಕಿದರೆ ಬೇರೆ ಉಪ್ಪು ಬೇಡ.

ಒಂದು ದಿನ ಕರಾಳಜಂಘನೆಂಬ ಮಾಂತ್ರಿಕ ಅರಮನೆಗೆ ಬಂದು, "ನನ್ನನ್ನು ರಾಜಗುರು ಮಾಡು" ಎಂದ. ರಾಜ ಒಪ್ಪಲಿಲ್ಲ. ಮಾಂತ್ರಿಕ ಏಳು ವರ್ಷದ ರಾಜಕುಮಾರಿ ಚಿತ್ರಾಂಬೆಯ ಕಡೆ ಉಸಿರು ಊದಿ ಹೊರಟುಹೋದ. ಮಗುವಿನ ಪಾದ ಕಲ್ಲಾಯಿತು. ದಿನಕ್ಕೊಂದು ಬೆರಳಿನಷ್ಟು ಕಲ್ಲು ಮೇಲೇರತೊಡಗಿತು.

"ಕಡಲಸೊಪ್ಪಿನ ಹೂವಿನ ಸಾರು ಕುಡಿಸಿದರೆ ಕಲ್ಲು ಕರಗುತ್ತದೆ" ಎಂದ ರಾಜವೈದ್ಯ. ಆ ಮಾತು ಕಿವಿಗೆ ಬಿದ್ದದ್ದೇ ತಡ, ಮಾಂತ್ರಿಕ ದಂಡೆಯ ಸೊಪ್ಪನ್ನೆಲ್ಲ ಸುಟ್ಟುಬಿಟ್ಟ. ಸೋಮಿಯ ಬುಟ್ಟಿಯಲ್ಲಿ ಒಂದೇ ಒಂದು ಕುಡಿ ಉಳಿದಿತ್ತು.

ಅವಳು ಅದನ್ನು ಹಿಡಿದು ಅರಮನೆಗೆ ಓಡಿದಳು. "ಒಡೆಯರೇ, ಇದನ್ನು ನೆಟ್ಟು ಹೂ ಬಿಡಿಸುತ್ತೇನೆ. ಎರಡು ತಿಂಗಳು ಬೇಕು."

"ಅಷ್ಟರಲ್ಲಿ ಕಲ್ಲು ಮಗುವಿನ ಎದೆಗೆ ಬರುತ್ತದಲ್ಲಮ್ಮಾ!" ಎಂದು ರಾಜ ಅತ್ತ.

"ಎದೆ ದಾಟುವ ಮೊದಲು ತರುತ್ತೇನೆ."

ಸೋಮಿ ಮಡಕೆಯ ತಳಕ್ಕೆ ತೂತು ಮಾಡಿ, ಮರಳು ತುಂಬಿ, ಕುಡಿಯನ್ನು ಊರಿದಳು. ಅದು ಬೇರು ಬಿಟ್ಟಿತು.

ಮೊದಲು ಮಾಂತ್ರಿಕ ಮಳೆ ಕಳಿಸಿದ. ಆ ಮಳೆ ಅವಳ ಅಂಗಳದಲ್ಲಿ ಮಾತ್ರ ಏಳು ದಿನ ಸುರಿಯಿತು. ಸಿಹಿನೀರು ಹೆಚ್ಚಾದರೆ ಬೇರು ಕೊಳೆಯುತ್ತದೆಂದು ಅವಳಿಗೆ ಗೊತ್ತು. ಹೆಣೆದ ತೆಂಗಿನ ಗರಿಯನ್ನು ಮಡಕೆಯ ಮೇಲೆ ಹಿಡಿದು ಏಳು ದಿನವೂ ಕುಳಿತಳು. ತಾನು ನೆನೆದಳು, ಗಿಡ ನೆನೆಯಲಿಲ್ಲ.

ಆಮೇಲೆ ಹಿತ್ತಾಳೆ ಕೊಂಡಿಯ ಸಾವಿರ ಏಡಿಗಳನ್ನು ಕಳಿಸಿದ. ಸೋಮಿ ಮಡಕೆಯನ್ನು ತಲೆಯ ಮೇಲೆ ಹೊತ್ತು ನಿಂತಳು. ಏಡಿಗಳು ಅವಳ ಕಾಲನ್ನು ಕಚ್ಚಿದವು. ರಕ್ತ ಸೋರಿತು. ಮೂರು ದಿನ ಅವಳು ಕದಲಲಿಲ್ಲ. ಏಡಿಗಳೇ ದಣಿದು ಕಡಲಿಗಿಳಿದವು.

ಗಿಡದ ತುದಿಯಲ್ಲಿ ಮೊಗ್ಗು ಕಾಣಿಸಿತು. ಆ ಮಧ್ಯಾಹ್ನ ಅಲೆಗಳ ನಡುವಿನಿಂದ ಅವಳ ಗಂಡ ಎದ್ದು ಬಂದ. ಅದೇ ಮುಖ, ಹುಬ್ಬಿನ ಮೇಲೆ ಅದೇ ಗಾಯದ ಗುರುತು.

"ಸೋಮೀ, ಮೊಗ್ಗು ಚಿವುಟಿ ನೀರಿಗೆ ಹಾಕು. ಕಡಲು ನನ್ನನ್ನು ಬಿಡುತ್ತದೆ. ಮನೆಗೆ ಬರುತ್ತೇನೆ."

ಸೋಮಿಯ ಕೈ ಮೊಗ್ಗಿನ ಕಡೆಗೆ ಹೋಯಿತು. ಎಷ್ಟೋ ವರ್ಷದಿಂದ ಅವಳು ಒಂಟಿಯಾಗಿ ಉಂಡಿದ್ದಳು. ಆದರೂ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ನೀವು ಮಾಯೆಯೋ, ನಿಜವೋ, ನನಗೆ ಗೊತ್ತಿಲ್ಲ" ಎಂದು ಅವಳು ಬಿಕ್ಕಿದಳು. "ನಿಜವೇ ಆಗಿದ್ದರೂ ನನ್ನಿಂದ ಆಗದು. ಅಲ್ಲೊಂದು ಮಗು ಕಲ್ಲಾಗುತ್ತಿದೆ. ನನ್ನನ್ನು ಕ್ಷಮಿಸಿಬಿಡಿ."

ಗಂಡನ ರೂಪ ನೊರೆಯಾಗಿ ಒಡೆಯಿತು. ಅದರೊಳಗಿನಿಂದ ಕರಾಳಜಂಘ ಕಿರುಚುತ್ತ ಕಡಲಿನ ಮೇಲೆ ಓಡಿದ.

ಮರುದಿನ ಬೆಳಿಗ್ಗೆ ಹೂವು ಅರಳಿತು. ಸೋಮಿ ಅರಮನೆಯ ಅಡುಗೆಮನೆಯಲ್ಲೇ ಸಾರು ಕಾಯಿಸಿ, ಆರಿಸಿ, ಮಗುವಿಗೆ ಕುಡಿಸಿದಳು. ಕಲ್ಲು ಎದೆಯಿಂದ ಸೊಂಟಕ್ಕೆ, ಸೊಂಟದಿಂದ ಪಾದಕ್ಕೆ ಇಳಿದು ನೆಲಕ್ಕೆ ಜಾರಿತು. ಅದೇ ಗಳಿಗೆಯಲ್ಲಿ ಮಾಂತ್ರಿಕ ನಡುಗಡಲಲ್ಲಿ ಬಂಡೆಯಾಗಿ ನಿಂತುಬಿಟ್ಟ.

"ಏನು ಬೇಕು ಕೇಳಮ್ಮಾ" ಎಂದ ರಾಜ.

"ಸುಟ್ಟ ದಂಡೆಯಲ್ಲಿ ಮತ್ತೆ ನೆಡುತ್ತೇನೆ. ಬಗ್ಗಿ ಬಗ್ಗಿ ಸೊಂಟ ನೋಯುತ್ತದೆ, ಯಾರಾದರೂ ಜೊತೆಗಿದ್ದರೆ ಸಾಕು."

"ನಾನು ಬರುತ್ತೇನೆ!" ಎಂದಳು ಚಿತ್ರಾಂಬೆ.

ಇಬ್ಬರೂ ಒಂದೊಂದೇ ಕುಡಿ ಮುರಿದು ನೆಟ್ಟರು. ವರ್ಷ ತುಂಬುವುದರೊಳಗೆ ದಂಡೆಯೆಲ್ಲ ಗುಲಾಬಿಯಾಯಿತು. ಅಲೆವಾಡದ ಮನೆಮನೆಯಲ್ಲೂ ಸಾರು ಕುದಿಯಿತು, ಜನ ಹೊಟ್ಟೆತುಂಬ ಉಂಡು ಸುಖವಾಗಿ ಬಾಳಿದರು. ಸೋಮಿಯ ಗುಡಿಸಲಿನಲ್ಲಿ ದಿನವೂ ಊಟಕ್ಕೆ ಎರಡು ಎಲೆ ಬೀಳುತ್ತಿದ್ದವು. ರಾಜಕುಮಾರಿಗೆ ಅರಮನೆಯ ಊಟ ರುಚಿಸುತ್ತಲೇ ಇರಲಿಲ್ಲವಂತೆ.