ಶುಭ್ರಪಟ ಗುಡಿಸಿದ ಕಸ

ಮಹಾನಂದಾ ಸಿಸ್ಟರ್ ಕೀಲಿ ಒತ್ತಿದಳು. ಗಣಕದ ಪರದೆ ಒಮ್ಮೆ ಮಿನುಗಿತು; ಅದರ ಚಿತ್ರ ಮುಂದಿನ ಪಾಳಿಯ ನರ್ಸ್‌ಗೆ ಹೋಯಿತು. ಎಷ್ಟು ಚೊಕ್ಕ ಚಿತ್ರ! ಚೆಲ್ಲಾಪಿಲ್ಲಿ ಕಿಟಕಿಗಳಿಲ್ಲ, ಅಡ್ಡಾದಿಡ್ಡಿ ಅಕ್ಷರಗಳಿಲ್ಲ.

ಧಾರವಾಡದ ಆ ಆಸ್ಪತ್ರೆಯಲ್ಲಿ ಪರದೆಯ ಚಿತ್ರ ತೆಗೆಯುವ 'ಶುಭ್ರಪಟ' ಎಂಬ ಹೊಸ ತಂತ್ರಾಂಶದ ಪರೀಕ್ಷೆ ನಡೆದಿತ್ತು. ಹಳೆಯ ತಂತ್ರಾಂಶಗಳು ಪರದೆಯ ಮೇಲಿದ್ದುದನ್ನು ಇದ್ದಂತೆಯೇ ಸೆರೆಹಿಡಿಯುತ್ತಿದ್ದವು, ಪಾಪ. ಇದಕ್ಕೆ ಬುದ್ಧಿಯಿತ್ತು. ಯಾವುದು ಮುಖ್ಯ, ಯಾವುದು ಕಸ ಎಂದು ತಾನೇ ತೀರ್ಮಾನಿಸಿ, ಕಸವನ್ನು ಅಳಿಸಿ, ಆ ಜಾಗವನ್ನು ಯಾರಿಗೂ ಗೊತ್ತಾಗದಂತೆ ತುಂಬಿಬಿಡುತ್ತಿತ್ತು. ಬಳಸಿ ನೋಡಿ ಅಭಿಪ್ರಾಯ ಬರೆಯುವ ಕೆಲಸ ಮಹಾನಂದಾಳದು. ಅವಳು ಸಹಿ ಹಾಕಿದರೆ ಅದು ಆಸ್ಪತ್ರೆಯ ಸಮಿತಿಯ ಒಪ್ಪಿಗೆ ಪಡೆದು ರಾಜ್ಯದ ಎಲ್ಲ ಆಸ್ಪತ್ರೆಗಳಿಗೂ ಹೋಗುವುದಿತ್ತು.

ಆ ವಾರ್ಡಿನ ನರ್ಸ್‌ಗಳದೊಂದು ರೂಢಿ. ರೋಗಿಯ ದಾಖಲೆಯ ಅಚ್ಚುಕಟ್ಟಾದ ಅಂಕಣಗಳಲ್ಲಿ ಹಿಡಿಯದ ಮಾತನ್ನು ಪರದೆಯ ಮೂಲೆಯಲ್ಲಿ ಆಡುಮಾತಿನಲ್ಲೇ ಗೀಚಿ, ಚಿತ್ರ ತೆಗೆದು ಕಳಿಸುವುದು. ಪಾಳಿ ಮುಗಿದೊಡನೆ ಪರದೆ ಮುಚ್ಚಿಹೋಗುವುದರಿಂದ ಮುಂದಿನವರಿಗೆ ಆ ಚಿತ್ರವೇ ಗತಿ. ಅಂದು ಮಹಾನಂದಾ ಗೀಚಿದ್ದು: 'ಕಿಟಕಿ ಕಡೆ ಅಮ್ಮಾಗ ಈ ಇಂಜೆಕ್ಷನ್ ಕೊಡಬ್ಯಾಡ್ರಿ, ಮುಂಜಾನೆ ಕೊಟ್ಟಾಗ ಉಸಿರು ಕಟ್ಟಿತ್ತು.' ಶುಭ್ರಪಟ ಅದನ್ನು ಗುಡಿಸಿ ಹಾಕಿತು. ಮುಂದಿನ ನರ್ಸ್ ಸೂಜಿ ಹಿಡಿದಾಗ ಆ ಅಮ್ಮನೇ ಕೈ ತಳ್ಳಿ ಕಿರುಚಿದ್ದರಿಂದ ಜೀವ ಉಳಿಯಿತು.

ಮಹಾನಂದಾ ಕೆಂಡಾಮಂಡಲವಾದಳು. ತಂತ್ರಾಂಶ ರಚಿಸಿದ ಡಾ. ಹೇರಂಬ ಜಂಬಗಿ ಮಾತ್ರ ನಕ್ಕರು.

"ದೋಷ ಐತಿ ಅಂತೀರಲ್ಲ ಸಿಸ್ಟರ್, ಅದರ ಚಿತ್ರ ತೋರಸ್ರಿ. ಪುರಾವೆ ಇಲ್ಲಂದ್ರ ಸಮಿತಿಯವರು ಒಪ್ಪಂಗಿಲ್ಲ."

ತೋರಿಸುವುದು ಹೇಗೆ? ಗಣಕದಲ್ಲಿದ್ದ ಹಳೆಯ ತಂತ್ರಾಂಶಗಳನ್ನು ತೆಗೆದುಹಾಕಿದ್ದರು. ವಾರ್ಡಿನೊಳಗೆ ಫೋನು ಒಯ್ಯುವಂತಿಲ್ಲ. ಶುಭ್ರಪಟದ ತಪ್ಪಿನ ಚಿತ್ರವನ್ನು ಶುಭ್ರಪಟವೇ ತೆಗೆಯಬೇಕು. ತೆಗೆದಷ್ಟು ಸಲವೂ ತಪ್ಪು ಮಾಯ. ಕಳ್ಳನನ್ನೇ ಸಾಕ್ಷಿಗೆ ಕರೆದಂತಾಯಿತು.

"ಚಿತ್ರ ಎಲ್ಲಾ ಚೊಕ್ಕ ಅದಾವ. ಸುಮ್ನ ಸಹಿ ಹಾಕ್ರಿ," ಎಂದರು ಜಂಬಗಿ.

"ಹಾಕಂಗಿಲ್ಲ."

"ಹಟ ಮಾಡಬ್ಯಾಡ್ರಿ."

"ಮಾಡಾಕೇ ನಿಂತೀನ್ರಿ ಸರ್."

ಅವಳು ಗಣಕವನ್ನೇ ಔಷಧದ ಗಾಡಿಯ ಮೇಲೆ ಹೇರಿಕೊಂಡು ಸಮಿತಿಯ ಸಭೆಗೆ ನಡೆದಳು. ಕಾವಲುಗಾರ ಅಡ್ಡ ಬಂದ, ಗಾಡಿ ನಿಲ್ಲಲಿಲ್ಲ. ಜಂಬಗಿಯವರು ಏದುಸಿರು ಬಿಡುತ್ತ ಹಿಂದೆಯೇ ಬಂದರು. ಎಲ್ಲರೆದುರು ಪ್ಲಗ್ ಚುಚ್ಚಿ ಅವಳೆಂದಳು: "ನನ್ನ ಮಾತು ಕಸ ಇರಲಿ. ಈಗ ನೀವ ಬರೀರಿ ಸರ್. ನಿಮ್ಮ ಮಾತಾದ್ರೂ ಉಳಸ್ತೈತೇನು ನೋಡೂಣು."

ಜಂಬಗಿ ಗತ್ತಿನಿಂದ ಮೂಲೆಯಲ್ಲಿ ಬರೆದರು: 'ಇದನ್ನು ಅಳಿಸಕೂಡದು. ನಿನ್ನನ್ನು ರಚಿಸಿದವನ ಆಜ್ಞೆ. ಡಾ. ಹೇರಂಬ ಜಂಬಗಿ.' ಕೀಲಿ ಒತ್ತಿದರು.

ಚಿತ್ರ ಬಂತು. ಮೂಲೆ ತೊಳೆದಿಟ್ಟಂತೆ ಬೆಳ್ಳಗಿತ್ತು. ಆಜ್ಞೆಯೂ ಇರಲಿಲ್ಲ, ಹೆಸರೂ ಇರಲಿಲ್ಲ.

ಯಾರೂ ನಗಲಿಲ್ಲ. ಜಂಬಗಿ ಮತ್ತೊಮ್ಮೆ ಒತ್ತಿದರು, ಇನ್ನೊಮ್ಮೆ ಒತ್ತಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು ಕೇಳಿದರು:

"ಸಿಸ್ಟರ್... ಆ ಅಮ್ಮ ಈಗ ಹೆಂಗ ಅದಾರ?"