ತಾತನ ಮುಂದಿನ ಸಾಲು

"ಮಿಸ್, ನಂದು ಮತ್ತೆ ನಿಂತೋಯ್ತು," ಎಂದ ಕೊನೆಯ ಬೆಂಚಿನ ಹುಡುಗ. ಅವನ ಹಿಂದೆಯೇ ಇನ್ನೂ ಐದಾರು ಕೈಗಳು ಮೇಲೆದ್ದವು.

ಮೂಲೆಯಲ್ಲಿ ಕೂತಿದ್ದ ಚೂಟಿ ಗಡಿಯಾರ ನೋಡಿದಳು. ಕ್ವಿಜ್ ಶುರುವಾಗಿ ಇನ್ನೂ ಐದು ನಿಮಿಷವಾಗಿತ್ತಷ್ಟೆ.

ಅರವತ್ತು ಮಕ್ಕಳ ಟ್ಯಾಬ್‌ಗಳಿಗೆ ಪ್ರಶ್ನೆ ಕಳಿಸುತ್ತಿದ್ದದ್ದು ಲ್ಯಾಬಿನ ಮೂಲೆಯ ಮೂರು ಹಳೆ ಕಂಪ್ಯೂಟರ್‌ಗಳು. ಗುಜರಿಗೆ ಹೊರಟಿದ್ದ ಅವನ್ನು ಹೆಡ್‌ಮಾಸ್ಟರರ ಹಿಂದೆ ಮುಂದೆ ಸುತ್ತಿ ಉಳಿಸಿಕೊಂಡವಳು ಚೂಟಿ. "ಕ್ವಿಜ್ ಸರಿಯಾಗಿ ಮುಗಿದ್ರೆ ಇಟ್ಕೋ. ಇಲ್ಲಾಂದ್ರೆ ನಾಳೇನೇ ಗುಜರಿಗೆ," ಎಂದಿದ್ದರು ಅವರು. ಈಗ ಬಾಗಿಲಲ್ಲೇ ಕೈಕಟ್ಟಿ ನಿಂತಿದ್ದರು.

ಟ್ಯಾಬ್‌ಗಳು ಕೇಳುವುದೆಲ್ಲ ಮೊದಲು ಒಂದು ಪುಟ್ಟ ಪೆಟ್ಟಿಗೆಗೆ ಬರುತ್ತಿತ್ತು. ಅದು ಕೆಲಸವನ್ನು ಮೂರು ಕಂಪ್ಯೂಟರ್‌ಗಳಿಗೆ ಹಂಚಬೇಕು. ಅದರ ಹೆಸರು ಲೋಡ್ ಬ್ಯಾಲೆನ್ಸರ್ ಎಂದು ಮಿಸ್ ಹೇಳಿಕೊಟ್ಟಿದ್ದರು. ಹೇಗೆ ಹಂಚಬೇಕೆಂದು ಬರೆದವಳು ಮಾತ್ರ ಚೂಟಿ. ಒಂದು, ಎರಡು, ಮೂರು. ಮತ್ತೆ ಒಂದು, ಎರಡು, ಮೂರು. ಇಬ್ಬರು ಅಣ್ಣಂದಿರ ಜೊತೆ ಬಿಸ್ಕತ್ತಿಗೆ ಕಿತ್ತಾಡಿ ಬೆಳೆದವಳಿಗೆ ಸರಿಸಮ ಎಂದರೆ ಪ್ರಾಣ.

ಅವಳು ಪರದೆ ನೋಡಿದಳು. ಮೊದಲೆರಡು ಕಂಪ್ಯೂಟರ್‌ಗಳ ಮುಂದೆ ಕಾಯುತ್ತಿದ್ದ ಕೆಲಸ ಎರಡೋ ಮೂರೋ. ಮೂರನೆಯದರ ಮುಂದೆ ಹತ್ತೊಂಬತ್ತು. ಅದು ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ನಿಧಾನದ್ದು, ಹಾಗಾಗಿ ಎಲ್ಲರ ಬಾಯಲ್ಲೂ ಅದು ತಾತ.

"ತಾತನ್ನ ಆಫ್ ಮಾಡಿಬಿಡೇ," ಎಂದು ಪಕ್ಕದ ಗೆಳತಿ ಪಿಸುಗುಟ್ಟಿದಳು.

"ಆಗ ಅಷ್ಟೂ ಆ ಎರಡರ ತಲೆ ಮೇಲೆ ಬೀಳತ್ತೆ ಕಣೆ. ಅವೂ ಮಲಗಿಬಿಡ್ತವೆ."

ಚೂಟಿ ಒಂದು ಕ್ಷಣ ಉಗುರು ಕಚ್ಚಿದಳು. ಆಮೇಲೆ ತಾನು ಬರೆದಿದ್ದ ಸರದಿಯನ್ನು ಅಳಿಸಿ ಬೇರೆ ಸಾಲು ಬರೆದಳು: ಯಾರ ಮುಂದೆ ಕಾಯುವವರು ಕಡಿಮೆಯೋ, ಮುಂದಿನ ಕೆಲಸ ಅವರಿಗೆ.

ಹತ್ತೊಂಬತ್ತು ಹದಿನೈದಾಯಿತು. ಒಂಬತ್ತಾಯಿತು. ಮೂರಾಯಿತು. ಎದ್ದಿದ್ದ ಕೈಗಳು ಒಂದೊಂದಾಗಿ ಇಳಿದವು. ಅರವತ್ತು ತಲೆಗಳೂ ಮತ್ತೆ ಟ್ಯಾಬ್‌ಗಳ ಮೇಲೆ ಬಗ್ಗಿದವು, ಕೊನೆಯ ಪ್ರಶ್ನೆಯವರೆಗೂ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಗಂಟೆ ಹೊಡೆದಾಗ ಚೂಟಿಗೆ ಕುಣಿಯಬೇಕೆನ್ನುವಷ್ಟು ಖುಷಿ. ಮಿಸ್ ಬಂದು ಬೆನ್ನು ತಟ್ಟಿದರು.

ಹೆಡ್‌ಮಾಸ್ಟರ್ ಪರದೆಗೆ ಬಗ್ಗಿ, ಯಾವುದು ಎಷ್ಟು ಕೆಲಸ ಮುಗಿಸಿದೆ ಎಂಬ ಲೆಕ್ಕ ಓದಿದರು. ಮೊದಲನೆಯದು ಮುನ್ನೂರ ಹತ್ತು, ಎರಡನೆಯದು ಇನ್ನೂರ ನಲವತ್ತು, ತಾತ ಐವತ್ತು.

"ಅವೆರಡು ಇರಲಿ. ಈ ಮೂರನೇದು ಸೋಮಾರಿ ಅಲ್ವೇನಮ್ಮ? ಇದನ್ನ ಕಳಿಸಿಬಿಡೋಣ."

ಬೆಳಗ್ಗೆಯಾಗಿದ್ದರೆ ಚೂಟಿಯೂ ಹೂಂ ಎನ್ನುತ್ತಿದ್ದಳೇನೋ. ಈಗ ತಾತನ ಬಿಸಿ ಪೆಟ್ಟಿಗೆಯ ಮೇಲೆ ಕೈಯಿಟ್ಟು ನಿಂತಳು.

"ಇಲ್ಲ ಸಾರ್. ಒಂದು ನಿಮಿಷಾನೂ ಸುಮ್ನೆ ಕೂತಿಲ್ಲ ಅದು."