ಡ್ಯೂಟಿ ಮುಗಿದ ಮೇಲಿನ ಚುಕ್ಕೆ

ಸೋಮವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಬಾಗಿಲಿಗೆ ಬೆನ್ನು ಹಾಕಿ ಕೂರಬೇಕಾದ ಕುರ್ಚಿ ಅದು. ಅವಳು ಗೋಡೆಗೆ ಒರಗಿ, ಬಾಗಿಲು ಕಾಣುವಂತೆ ನಿಂತೇ ಇದ್ದಳು. ಹೆಡ್ ಕಾನ್‌ಸ್ಟೆಬಲ್ ಎದ್ದು ಬಂದು ಕುರ್ಚಿಯನ್ನೇ ತಿರುಗಿಸಿ ಹಾಕಿದ ಮೇಲೆ ಕೂತಳು. ಎದುರಿಗಿದ್ದ ಇನ್ಸ್‌ಪೆಕ್ಟರ್‌ಗೆ ಅರ್ಧ ದೂರು ಅಲ್ಲೇ ಅರ್ಥವಾಯಿತು.

ಅವಳು ನರ್ಸ್. ಆಸ್ಪತ್ರೆಯಲ್ಲಲ್ಲ, ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಗಾಯ ತೊಳೆದು, ಇಂಜೆಕ್ಷನ್ ಕೊಟ್ಟು ಬರುವ ಕೆಲಸ. ನರ್ಸುಗಳನ್ನು ಹೀಗೆ ಮನೆಮನೆಗೆ ಕಳಿಸುವ ಸಣ್ಣ ಸಂಸ್ಥೆಯೊಂದರಲ್ಲಿ ನೌಕರಿ.

“ಯಾರ ಮೇಲೆ ದೂರು?”

“ನನ್ನ ಗಂಡ. ಗಂಡ ಆಗಿದ್ದವನು.”

“ಏನ್ ಮಾಡ್ತಾನೆ?”

“ಏನೂ ಮಾಡಲ್ಲ ಸರ್. ನಿಂತಿರ್ತಾನೆ.”

ಅವನು ಹಿಂದೆ ಅವಳ ಮಣಿಕಟ್ಟು ಮುರಿದಿದ್ದ. ಹತ್ತಿರ ಸುಳಿಯಬಾರದೆಂದು ನ್ಯಾಯಾಲಯದ ಆದೇಶವಿತ್ತು. ಅದರ ಪ್ರತಿಯನ್ನು ಅವಳು ಪ್ಲಾಸ್ಟಿಕ್ ಕವರಿನಲ್ಲಿಟ್ಟು ತಂದಿದ್ದಳು. ಊರಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಮನೆ ಬದಲಾಯಿಸಿದ್ದಾಯಿತು, ಸಿಮ್ ಬದಲಾಯಿಸಿದ್ದಾಯಿತು, ಫೋನನ್ನೇ ಹೊಸದು ತೆಗೆದುಕೊಂಡಿದ್ದಾಯಿತು. ಕೆಲವು ದಿನ ನೆಮ್ಮದಿ. ಆಮೇಲೆ ಔಷಧದ ಅಂಗಡಿಯ ಎದುರು, ಗ್ರಂಥಾಲಯದ ಮೆಟ್ಟಿಲ ಮೇಲೆ, ಅವಳು ಯಾರಿಗೂ ಹೇಳದೆ ಹೋದ ಕಡೆಯಲ್ಲೆಲ್ಲ ಅವನು ಹಾಜರು.

“ನಿನ್ನೆ ಎಲ್ಲಿ?”

“ಈಜುಕೊಳದಲ್ಲಿ. ಮಗಳ ಕ್ಲಾಸಿತ್ತು. ಬೆಂಚಿನ ಮೇಲಿಟ್ಟಿದ್ದ ಅವಳ ಟವೆಲ್ ಇವನ ಕೈಲಿತ್ತು ಸರ್. ‘ಒದ್ದೆಯಾಗಿದೀಯ, ಬಾ ಪುಟ್ಟಿ’ ಅಂದ.” ಅವಳು ಮತ್ತೊಮ್ಮೆ ಬಾಗಿಲ ಕಡೆ ನೋಡಿದಳು. “ಈ ಸಲ ನಾನು ಮನೆ ಬದಲಾಯಿಸಲ್ಲ. ಮಗಳಿಗೆ ಈಗ ತಾನೇ ಒಬ್ಬಳು ಸ್ನೇಹಿತೆ ಸಿಕ್ಕಿದಾಳೆ. ಮತ್ತೆ ಗಂಟುಮೂಟೆ ಕಟ್ಟು ಅಂತ ಅವಳಿಗೆ ಯಾವ ಬಾಯಲ್ಲಿ ಹೇಳಲಿ?”

ಎಫ್‌ಐಆರ್ ದಾಖಲಾಯಿತು. ಗಂಡ ನ್ಯಾಯಾಲಯಕ್ಕೆ ಕೊಟ್ಟಿದ್ದ ಹಳೆಯ ವಿಳಾಸಕ್ಕೆ ಹೋದ ಸಿಬ್ಬಂದಿ ಬರಿಗೈಯಲ್ಲಿ ಮರಳಿದರು. ಮನೆ ಖಾಲಿ ಮಾಡಿ ಬಹಳ ಕಾಲವಾಗಿತ್ತು. ನರ್ಸಿನ ಫೋನನ್ನು ಸೈಬರ್ ವಿಭಾಗಕ್ಕೆ ಕಳಿಸಲಾಯಿತು. ಅವಳ ಹೊಸ ವಿಳಾಸ ಯಾರು ಯಾರಿಗೆ ಗೊತ್ತು ಎಂದು ಮಹಿಳಾ ಕಾನ್‌ಸ್ಟೆಬಲ್ ವಿಚಾರಿಸಿದಳು. ತಾಯಿ, ಮನೆ ಮಾಲೀಕ, ಶಾಲೆ, ಕೆಲಸದ ಆಫೀಸು. ತಾಯಿ ಅಳಿಯನ ಹೆಸರು ಕೇಳಿದ್ದೇ ಫೋನಿನಲ್ಲೇ ಹಿಡಿಶಾಪ ಹಾಕಿದರು. ಮಾಲೀಕನಿಗೆ ಬಾಡಿಗೆ ಬಿಟ್ಟರೆ ಬೇರೆ ಲೋಕವೇ ಇರಲಿಲ್ಲ. ಶಾಲೆಯವರು ಪೊಲೀಸರಿಗೇ ವಿಳಾಸ ಹೇಳಲು ಸತಾಯಿಸಿದರು.

“ಆಫೀಸಿನವರು?”

“ಅಲ್ಲಿ ದೊಡ್ಡಪ್ಪ ಇದಾರೆ ಸರ್,” ಎಂದಳು ನರ್ಸ್. “ಯಾರು ಯಾವ ಮನೆಗೆ ಹೋಗ್ಬೇಕು ಅಂತ ಹೇಳೋರು. ಎಲ್ಲರೂ ಹಾಗೇ ಕರೀತೀವಿ. ವಿಳಾಸ ಯಾರಿಗೂ ಕೊಡಬೇಡಿ ಅಂದಿದ್ದೆ. ಅವರು ಪ್ರಾಣ ಹೋದ್ರೂ ಕೊಡಲ್ಲ.”

“ಗಂಡನ ವಿಷಯ ಅವರಿಗೆ ಗೊತ್ತಾ?”

“ಇಲ್ಲ. ಹೇಳಿದ್ರೆ ನಾಳೆ ಎಲ್ಲರ ಬಾಯಲ್ಲೂ ನಾನೇ ಇರ್ತೀನಿ.”

ಮಂಗಳವಾರ ಮಧ್ಯಾಹ್ನ ಸೈಬರ್ ವಿಭಾಗದ ಹುಡುಗ ಫೋನ್ ಹಿಂದಿರುಗಿಸಿದ. ಯಾವ ಕಳ್ಳ ಆ್ಯಪೂ ಇಲ್ಲ, ಲೊಕೇಶನ್ ಯಾರ ಜೊತೆಗೂ ಹಂಚಿಕೆಯಾಗಿಲ್ಲ, ಫೋನ್ ಶುದ್ಧ. ಅವನಿನ್ನೂ ಮೆಟ್ಟಿಲಿಳಿದಿರಲಿಲ್ಲ, ನರ್ಸ್ ರೋಗಿಯೊಬ್ಬರ ಮನೆಯ ಲ್ಯಾಂಡ್‌ಲೈನಿನಿಂದ ಕರೆ ಮಾಡಿದಳು. ಗಂಡ ಆ ಮನೆಯ ಎದುರಿನ ಬಸ್ ನಿಲ್ದಾಣದಲ್ಲಿ ಕೂತಿದ್ದಾನೆ. ಜೀಪು ಹೋಗುವಷ್ಟರಲ್ಲಿ ಬೆಂಚು ಖಾಲಿಯಾಗಿತ್ತು. ಬೆಂಚಿನ ಮೇಲೆ ಸಣ್ಣ ಈಜು ಕನ್ನಡಕವೊಂದಿತ್ತು. ಮಗಳದು, ಭಾನುವಾರ ಕಳೆದುಹೋಗಿದ್ದು.

ಅಲ್ಲಿಂದ ಠಾಣೆಯಲ್ಲಿ ಯಾರಿಗೂ ಕೂತಲ್ಲಿ ಕೂರಲಾಗಲಿಲ್ಲ. ಕಳ್ಳತನವಾದರೆ ಕಳೆದ ವಸ್ತು ಇರುತ್ತದೆ, ಹೊಡೆದಾಟವಾದರೆ ಗಾಯವಿರುತ್ತದೆ. ಇಲ್ಲಿ ಒಬ್ಬ ಮನುಷ್ಯ ಬರೀ ನಿಂತು ನಿಂತೇ ಒಬ್ಬ ಹೆಂಗಸಿನ ಪ್ರಾಣ ತಿನ್ನುತ್ತಿದ್ದ. ಇನ್ಸ್‌ಪೆಕ್ಟರ್ ಕಿಟಕಿಗೂ ಮೇಜಿಗೂ ಓಡಾಡಿದರು.

“ನಮ್ಮನೆಯೋಳು ಯಾವ ಆ್ಯಪೂ ಇಲ್ದೇ ನಾನೆಲ್ಲಿದೀನಿ ಅಂತ ಹೇಳ್ತಾಳೆ ಸರ್,” ಎಂದ ಹೆಡ್ ಕಾನ್‌ಸ್ಟೆಬಲ್. “ಸೈಬರ್ ವಿಭಾಗಕ್ಕೆ ಅವಳನ್ನೇ ಹಾಕ್ಕೊಂಡ್ಬಿಡಿ.”

ಯಾರೂ ನಗಲಿಲ್ಲ. ಆಗ ಇನ್ಸ್‌ಪೆಕ್ಟರರ ಫೋನು ಟಿಣ್ ಎಂದಿತು. ಅವರು ನೋಡಿ ಜೇಬಿಗಿಟ್ಟುಕೊಂಡರು.

“ಮಗಳು ಕಾಲೇಜಿಂದ ಹೊರಟ್ಳು. ಅವಳ ಫೋನ್ ಎಲ್ಲಿದೆ ಅಂತ ನನ್ನ ಫೋನಿಗೆ ಬರುತ್ತೆ.”

“ಅವಳಿಗೆ ಗೊತ್ತಾ ಸರ್?” ಎಂದಳು ಮಹಿಳಾ ಕಾನ್‌ಸ್ಟೆಬಲ್. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

ನಡೆಯುತ್ತಿದ್ದ ಇನ್ಸ್‌ಪೆಕ್ಟರ್ ನಿಂತು, “ಆಕೆ ಹತ್ರ ಇನ್ನೊಂದು ಫೋನಿದೆಯಾ ಕೇಳಿ,” ಎಂದರು.

ಇತ್ತು. ಆಫೀಸಿನದು. ತುರ್ತು ಕರೆ ಬಂದರೆ ಸಿಗಬೇಕೆಂದು ರಜೆಯಲ್ಲೂ ಬ್ಯಾಗಿನಲ್ಲಿಟ್ಟುಕೊಳ್ಳಲೇಬೇಕಾದ ಫೋನು. ಅದನ್ನು ಅವಳು ಫೋನೆಂದು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಥರ್ಮಾಮೀಟರು, ಕತ್ತರಿ ಇದ್ದ ಹಾಗೆ ಅದೂ ಒಂದು ಸಾಮಾನು. ಸಂಜೆ ಅದನ್ನು ಹಿಡಿದುಕೊಂಡು ಠಾಣೆಗೆ ಬಂದಳು.

“ಕೆಲಸದ ಹೊತ್ತಲ್ಲಿ ಮಾತ್ರ ನಾವೆಲ್ಲಿದೀವಿ ಅಂತ ಆಫೀಸಿಗೆ ಕಾಣುತ್ತೆ ಸರ್. ‘ಡ್ಯೂಟಿ ಮುಗಿಯಿತು’ ಅಂತ ಬಟನ್ ಇದೆ. ಒತ್ತಿದ್ರೆ ಚುಕ್ಕೆ ಆರುತ್ತೆ. ನಾನು ಒತ್ತೋದು ಮರ್ತೇ ಇಲ್ಲ.”

“ಆರಿದ್ದನ್ನ ನೀವು ಕಣ್ಣಾರೆ ನೋಡಿದೀರಾ?”

“ನನ್ನ ಫೋನಲ್ಲಿ ಆರುತ್ತಲ್ಲ?” ಎಂದಳು. ಹೇಳುತ್ತಿದ್ದಂತೆಯೇ ಅವಳ ಮುಖ ಬಿಳಿಚಿಕೊಂಡಿತು.

ಗುರುವಾರ ಅವಳ ರಜೆ. ಅಂದು ಅವಳನ್ನು ಠಾಣೆಯಲ್ಲೇ ಕೂರಿಸಿ, ಅವಳ ಸ್ವಂತ ಫೋನನ್ನು ಹೆಡ್ ಕಾನ್‌ಸ್ಟೆಬಲ್ ಕೈಯಲ್ಲಿ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿಗೆ ಕಳಿಸಲಾಯಿತು. ಆಫೀಸಿನ ಫೋನನ್ನು, ‘ಡ್ಯೂಟಿ ಮುಗಿಯಿತು’ ಎಂಬ ಸ್ಥಿತಿಯಲ್ಲೇ, ಮಹಿಳಾ ಕಾನ್‌ಸ್ಟೆಬಲ್ ಬ್ಯಾಗಿಗೆ ಹಾಕಿಕೊಂಡು ಪರದೆ ಬಟ್ಟೆ ಮಾರುವ ಅಂಗಡಿಗೆ ಹೋದಳು. ಮಫ್ತಿಯಲ್ಲಿದ್ದ ಇಬ್ಬರು ಸಿಬ್ಬಂದಿ ಅಂಗಡಿಯ ಹೊರಗೆ ನಿಂತರು.

ಕ್ಲಿನಿಕ್ಕಿನಲ್ಲಿ ಹೆಡ್ ಕಾನ್‌ಸ್ಟೆಬಲ್ ಪಾಳಿ ಬಂದು, ಕಾರಣ ಹೇಳಲಾಗದೆ ಬಾಯಿ ತೆರೆದು, ಹುಳುಕು ಹಲ್ಲೊಂದನ್ನು ಕೀಳಿಸಿಕೊಂಡಿದ್ದೇ ಬಂತು. ಅಲ್ಲಿಗೆ ಯಾರೂ ಬರಲಿಲ್ಲ. ಪರದೆ ಅಂಗಡಿಗೆ ಮಧ್ಯಾಹ್ನ ಮೂರರ ಸುಮಾರಿಗೆ ಇಸ್ತ್ರಿ ಮಾಡಿದ ಅಂಗಿಯ ಒಬ್ಬ ಬಂದ. ಸಾಲುಸಾಲು ತೂಗುಬಿಟ್ಟ ಬಟ್ಟೆಗಳ ನಡುವೆ ಇಣುಕುತ್ತ ಹೋದ. ನೀಲಿ ಬಟ್ಟೆಯ ಹಿಂದೆ ಹೆಣ್ಣಿನ ಚಪ್ಪಲಿ ಕಂಡು, ಬಟ್ಟೆಯನ್ನು ನಿಧಾನವಾಗಿ ಸರಿಸಿದ.

“ಯಾರು ಬೇಕಿತ್ತು?” ಎಂದಳು ಮಹಿಳಾ ಕಾನ್‌ಸ್ಟೆಬಲ್.

“ಪರದೆ ನೋಡ್ತಿದ್ದೆ.”

“ನೋಡಿದ್ದಾಯ್ತಲ್ಲ, ನಡೀರಿ.”

ಆದೇಶ ಉಲ್ಲಂಘನೆ ಮತ್ತು ಹಿಂಬಾಲಿಸಿ ಕಿರುಕುಳ ನೀಡಿದ ಆರೋಪದ ಮೇಲೆ ಅವನನ್ನು ಬಂಧಿಸಲಾಯಿತು. ಯಾರು ಹೇಳಿದರೆಂದು ಕೇಳಿದರೆ ಬಾಯಿ ಬಿಡಲಿಲ್ಲ. ಬಿಡುವ ಅಗತ್ಯವೂ ಇರಲಿಲ್ಲ. ವಶಪಡಿಸಿಕೊಂಡ ಅವನ ಫೋನಿಗೆ ಎರಡೂವರೆಗೆ ಬಂದಿದ್ದ ಸಂದೇಶ ಹೀಗಿತ್ತು: ‘ಪರದೆ ಅಂಗಡಿಯಲ್ಲಿದ್ದಾಳೆ. ಚೆನ್ನಾಗಿದ್ದಾಳೆ. ಯೋಚನೆ ಮಾಡಬೇಡಪ್ಪ.’

ನಂಬರನ್ನು ನರ್ಸ್‌ಗೆ ತೋರಿಸಿದರು. ಅವಳು ಅದನ್ನು ಎರಡು ಸಲ ಓದಿದಳು. ಗಂಡ ಸಿಕ್ಕಿಬಿದ್ದನೆಂದು ಕೇಳಿದಾಗ ಅಳದವಳು ಈಗ ಅತ್ತಳು.

ಸಂಸ್ಥೆಯ ಆಫೀಸು ಡ್ರೈಕ್ಲೀನಿಂಗ್ ಅಂಗಡಿಯ ಮೇಲಿನ ಒಂದೇ ಕೋಣೆ. ಕೆಳಗಿನ ಬಿಸಿ ಹಬೆಗೆ ನೆಲ ಸದಾ ಬೆಚ್ಚಗೆ. ಸಂಜೆ ಐದೂವರೆಗೆ ಇನ್ಸ್‌ಪೆಕ್ಟರ್ ಮೆಟ್ಟಿಲು ಹತ್ತಿದಾಗ ಗುರುತಿಸುವುದಕ್ಕೆಂದು ನರ್ಸ್ ಕೂಡ ಜೊತೆಗಿದ್ದಳು. ದೊಡ್ಡ ಮಾನಿಟರಿನ ಮುಂದೆ ಅರವತ್ತು ದಾಟಿದ ಮನುಷ್ಯ ಸ್ವೆಟರ್ ತೊಟ್ಟು ಕೂತಿದ್ದರು. ಪಕ್ಕದಲ್ಲಿ ಫ್ಲಾಸ್ಕು, ಕಣ್ಣಿಗೆ ಹಾಕುವ ಹನಿಯ ಬಾಟಲಿ. ಪೊಲೀಸರು ಅವರ ಕಣ್ಣಿಗೇ ಬೀಳಲಿಲ್ಲ. ಅವಳನ್ನು ನೋಡಿ ಮುಖ ಅರಳಿಸಿ ಎದ್ದರು.

“ಏನಮ್ಮ, ರಜ ದಿನಾನೂ ಬಂದ್ಯಾ? ಪರದೆ ಸಿಕ್ತಾ?”

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಮೂವತ್ತು ವರ್ಷದ ನೌಕರಿಯಲ್ಲಿ ಇನ್ಸ್‌ಪೆಕ್ಟರ್ ತಪ್ಪೊಪ್ಪಿಗೆಗಳನ್ನು ಬೇಕಾದಷ್ಟು ಕೇಳಿದ್ದರು. ಇಷ್ಟು ಅಕ್ಕರೆಯಿಂದ ಹೇಳಿದ್ದನ್ನು ಕೇಳಿರಲಿಲ್ಲ.

“ಕೂತ್ಕೊಳ್ಳಿ. ಆಕೆ ಎಲ್ಲಿದಾರೆ ಅಂತ ಯಾರಿಗೆ ಹೇಳ್ತಿದ್ರಿ?”

“ಯಾರಿಗೂ ಇಲ್ಲ ಸರ್.”

“ಈ ನಂಬರ್?”

“ಓ, ಇದು ಅವಳ ಅಣ್ಣಂದು.”

“ಯಾರಿಗೂ ಕೊಡಬೇಡಿ ಅಂತ ಆಕೆ ಹೇಳಿದ್ರಲ್ಲ?”

“ಒಡಹುಟ್ಟಿದ ಅಣ್ಣ ‘ಯಾರೋ’ ಆಗ್ತಾನಾ ಸರ್? ಇಲ್ಲೇ ಬಂದು ಕೂತು ಕಣ್ಣೀರು ಹಾಕಿದ. ತಂಗಿ ಮುನಿಸ್ಕೊಂಡಿದಾಳೆ, ಫೋನ್ ಎತ್ತಲ್ಲ, ಬದುಕಿದಾಳೋ ಇಲ್ವೋ ಅದೊಂದು ಗೊತ್ತಾದ್ರೆ ಸಾಕು ಅಂದ. ಅಷ್ಟು ಸಂಕಟಪಡೋನಿಗೆ ಹೇಗೆ ಇಲ್ಲ ಅನ್ನಲಿ?”

“ನನಗೆ ಅಣ್ಣ ಇಲ್ಲ ದೊಡ್ಡಪ್ಪ,” ಎಂದಳು ನರ್ಸ್. “ನನ್ನ ಕೈ ಮುರಿದೋನು ಅವನು.”

ದೊಡ್ಡಪ್ಪ ಅವಳ ಮಣಿಕಟ್ಟನ್ನೇ ನೋಡಿದರು. ಕನ್ನಡಕ ತೆಗೆದು ಸ್ವೆಟರಿನ ತುದಿಗೆ ಒರೆಸತೊಡಗಿದವರು ಒರೆಸುವುದನ್ನು ನಿಲ್ಲಿಸಲೇ ಇಲ್ಲ.

ಡ್ರೈಕ್ಲೀನಿಂಗ್ ಅಂಗಡಿಯ ಇಬ್ಬರನ್ನು ಪಂಚರಾಗಿ ಕರೆಸಿ ಪಂಚನಾಮೆ ಶುರುವಾಯಿತು. ಮಾನಿಟರಿನ ಮೇಲೆ ಊರಿನ ನಕ್ಷೆ. ಕೆಲಸದಲ್ಲಿರುವವರದು ಹಸಿರು ಚುಕ್ಕೆ. ಡ್ಯೂಟಿ ಮುಗಿದವರದು ಆರಿರಬೇಕಿತ್ತು. ಆರದೆ ಬೂದುಬಣ್ಣಕ್ಕೆ ತಿರುಗಿ, ಬಸ್ಸಿನಲ್ಲಿ, ಅಂಗಡಿಗಳಲ್ಲಿ, ಯಾರದೋ ಮನೆಗಳಲ್ಲಿ ಓಡಾಡುತ್ತಿದ್ದವು. ಫೋನಿನಲ್ಲಿ ವಿಚಾರಿಸಿದಾಗ ಸಂಸ್ಥೆಯ ಮಾಲೀಕ, “ಅದೆಲ್ಲ ದೊಡ್ಡಪ್ಪನೇ ನೋಡ್ಕೊಳ್ಳೋದು ಸರ್, ನಂಗೇನೂ ತಿಳಿಯಲ್ಲ,” ಎಂದು ಕೈ ತೊಳೆದುಕೊಂಡ. ಅವನಿಗೂ ನೋಟಿಸು ಕಳಿಸಲು ಇನ್ಸ್‌ಪೆಕ್ಟರ್ ಹೇಳಿದರು.

“ಸೆಟ್ಟಿಂಗ್ ಬದಲಾಯಿಸಿದ್ದು ನೀವೇನಾ?”

“ನಾನೇ.”

“ಯಾಕೆ?”

ದೊಡ್ಡಪ್ಪ ನಕ್ಷೆಯ ಮೇಲೆ ರೈಲು ಸೇತುವೆಯೊಂದನ್ನು ತೋರಿಸಿದರು. ಕೆಲವು ವರ್ಷಗಳ ಹಿಂದೆ ನರ್ಸ್ ಒಬ್ಬಳು ಕೆಲಸ ಮುಗಿಸಿ ಬಟನ್ ಒತ್ತಿದ್ದಳು. ಚುಕ್ಕೆ ಆರಿತ್ತು. ಇವರು ಕಂಪ್ಯೂಟರ್ ಮುಚ್ಚಿ ಮನೆಗೆ ಹೋಗಿ ಊಟ ಮಾಡಿ ಮಲಗಿದ್ದರು. ಅವಳು ಆ ಸೇತುವೆಯ ಕೆಳಗೆ ಜಾರಿ ಬಿದ್ದು, ತಲೆಗೆ ಪೆಟ್ಟಾಗಿ, ಬೆಳಗಿನವರೆಗೆ ಅಲ್ಲೇ ಇದ್ದಳು. ಉಳಿಯಲಿಲ್ಲ.

“ಬೇಗ ಯಾರಾದ್ರೂ ನೋಡಿದ್ರೆ ಉಳೀತಿದ್ಲು ಅಂದ್ರು ಡಾಕ್ಟರು. ಆಮೇಲೆ ನಾನು ಎಲ್ಲರೂ ಮನೆ ಮುಟ್ಟೋ ತನಕ ಇಲ್ಲಿಂದ ಏಳಲ್ಲ ಸರ್.”

“ಅವರನ್ನ ಒಂದು ಮಾತು ಕೇಳಿದ್ರಾ?”

“ಕೇಳಿದ್ರೆ ಬೇಡ ಅಂತಿದ್ರು.”

ಕಂಪ್ಯೂಟರನ್ನು ವಶಕ್ಕೆ ತೆಗೆದುಕೊಳ್ಳಬೇಕಿತ್ತು. ಮಹಿಳಾ ಕಾನ್‌ಸ್ಟೆಬಲ್ ಮಾನಿಟರಿನ ಫೋಟೊ ತೆಗೆದು, ಪಂಚರ ಸಮಕ್ಷಮದಲ್ಲಿ ಬೂದು ಚುಕ್ಕೆಗಳನ್ನು ಒಂದೊಂದಾಗಿ ಆಫ್ ಮಾಡತೊಡಗಿದಳು. ದೊಡ್ಡಪ್ಪ ತಮ್ಮಷ್ಟಕ್ಕೆ ಗೊಣಗುತ್ತಿದ್ದರು: ಇವಳು ಮನೇಲಿದಾಳೆ, ಇವಳೂ ಮನೇಲೇ, ಇವಳು ಅಕ್ಕನ ಮನೇಲಿ, ಪರವಾಗಿಲ್ಲ. ಕೊನೆಯ ಒಂದು ಚುಕ್ಕೆ ಇನ್ನೂ ಚಲಿಸುತ್ತಿತ್ತು.

“ಅದೊಂದನ್ನ ಬಿಡಿ ಸರ್. ಕೈ ಮುಗೀತೀನಿ. ಹೊಸ ಹುಡುಗಿ, ಸೇತುವೆ ಹತ್ರ ಬರ್ತಿದಾಳೆ. ದಾಟಿಬಿಡ್ಲಿ, ಆಮೇಲೆ ನೀವು ಎಲ್ಲಿಗೆ ಕರೆದ್ರೂ ಬರ್ತೀನಿ.”

ಮಹಿಳಾ ಕಾನ್‌ಸ್ಟೆಬಲ್ ಕೈ ತಡೆದು ಇನ್ಸ್‌ಪೆಕ್ಟರರ ಮುಖ ನೋಡಿದಳು. ಅವರು ಚುಕ್ಕೆಯನ್ನು ನೋಡುತ್ತಿದ್ದರು. ನಿಜ ಹೇಳಬೇಕೆಂದರೆ ಅವರಿಗೂ ಅದು ದಾಟುವುದನ್ನು ನೋಡಬೇಕೆನ್ನಿಸಿತ್ತು. ಕೋಣೆಯಲ್ಲಿದ್ದ ಎಲ್ಲರೂ, ಪಂಚರೂ ಸೇರಿ, ಯಾರೋ ಗುರುತಿಲ್ಲದ ಹುಡುಗಿ ಮನೆಗೆ ನಡೆದು ಹೋಗುವುದನ್ನು ನೋಡುತ್ತ ನಿಂತಿದ್ದರು.

“ಆಫ್ ಮಾಡಿ ಸರ್,” ಎಂದಳು ನರ್ಸ್. “ಅವಳಿಗೆ ಗೊತ್ತಿಲ್ಲ ನಾವು ನೋಡ್ತಿದೀವಿ ಅಂತ. ಅವಳು ಮನೆಗೆ ಹೋಗ್ತಾಳೋ, ಬೇರೆ ಎಲ್ಲಿಗೋ ಹೋಗ್ತಾಳೋ, ಅದು ಅವಳಿಷ್ಟ. ಅಷ್ಟು ಭಯ ಇದ್ರೆ ಫೋನ್ ಮಾಡಿ ಕೇಳಿ, ಎತ್ತಿದ್ರೆ ಹೇಳ್ತಾಳೆ.”

ಇನ್ಸ್‌ಪೆಕ್ಟರ್ ತಾವೇ ಕೈ ಚಾಚಿ ಒತ್ತಿದರು. ಚುಕ್ಕೆ ಸೇತುವೆಯ ಈಚೆಗೇ ಆರಿತು. ದೊಡ್ಡಪ್ಪನ ಬಾಯಿಂದ ಹೊರಟ ಸಣ್ಣ ಸದ್ದನ್ನು ಪಂಚನಾಮೆಯಲ್ಲಿ ಯಾರೂ ಬರೆಯಲಿಲ್ಲ. ಮಹಿಳಾ ಕಾನ್‌ಸ್ಟೆಬಲ್ ಹೊಸ ಹುಡುಗಿಗೆ ಕರೆ ಮಾಡಿದಳು. ಫೋನ್ ರಿಂಗಾಯಿತು, ಯಾರೂ ಎತ್ತಲಿಲ್ಲ. ಗಸ್ತಿನವನೊಬ್ಬನನ್ನು ಸೇತುವೆಯ ಕಡೆಗೆ ಕಳಿಸಲಾಯಿತು.

ಆರೂಮುಕ್ಕಾಲಿಗೆ ದೊಡ್ಡಪ್ಪನ ಬಂಧನ ದಾಖಲಾಯಿತು. ಜನರ ಚಲನವಲನವನ್ನು ಅವರ ಒಪ್ಪಿಗೆಯಿಲ್ಲದೆ ಸಂಗ್ರಹಿಸಿ ಇನ್ನೊಬ್ಬರಿಗೆ ತಿಳಿಸಿದ್ದು ಆರೋಪ. ನರ್ಸ್ ಆಫೀಸಿನ ಫೋನನ್ನು ಅಲ್ಲೇ ಮೇಜಿನ ಮೇಲಿಟ್ಟು, ಯಾರಿಗೂ ಎಲ್ಲಿಗೆಂದು ಹೇಳದೆ, ಮೆಟ್ಟಿಲಿಳಿದು ಹೋದಳು. ಅವಳನ್ನು ಯಾರೂ ಕೇಳಲೂ ಇಲ್ಲ.

ಜೀಪಿನಲ್ಲಿ ದೊಡ್ಡಪ್ಪ ಹೆಡ್ ಕಾನ್‌ಸ್ಟೆಬಲ್ ಪಕ್ಕ ಮುದುಡಿ ಕೂತಿದ್ದರು. ವಕೀಲರ ಬಗ್ಗೆ ಕೇಳಲಿಲ್ಲ, ಜಾಮೀನಿನ ಬಗ್ಗೆ ಕೇಳಲಿಲ್ಲ.

“ಆ ಹುಡುಗಿ ದಾಟಿದ್ಲಾ ಸರ್?”

ಗಸ್ತಿನವನಿಂದ ಇನ್ನೂ ಸುದ್ದಿ ಬಂದಿರಲಿಲ್ಲ. ಹೆಡ್ ಕಾನ್‌ಸ್ಟೆಬಲ್ ಹಲ್ಲು ಕೀಳಿಸಿಕೊಂಡ ದವಡೆಯನ್ನು ಒತ್ತಿ ಹಿಡಿದು ಹೊರಗೆ ನೋಡಿದ. ಅಷ್ಟರಲ್ಲಿ ಮುಂದಿನ ಸೀಟಿನಲ್ಲಿ ಇನ್ಸ್‌ಪೆಕ್ಟರರ ಜೇಬಿನಲ್ಲಿದ್ದ ಫೋನು ಟಿಣ್ ಎಂದಿತು. ಮಗಳು ಮನೆ ಮುಟ್ಟಿದಳೆಂದು ಅವರಿಗೆ ನೋಡದೆಯೇ ಗೊತ್ತಾಯಿತು. ಅವರು ಫೋನನ್ನು ಹೊರಗೆ ತೆಗೆಯಲಿಲ್ಲ. ಇಷ್ಟು ದಿನ ತಾವು ನೋಡುತ್ತಿದ್ದುದನ್ನು ಮನೆಗೆ ಹೋದ ಮೇಲೆ ಅವಳಿಗೆ ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸುತ್ತಿದ್ದರು.